ಕೌದಿಯ ಮೇಲೆ ಬರೆದ ಬಾಳು

ನಿಮ್ಮ ಮನೆಯ ಹಾಸಿಗೆಯ ಸುರುಳಿಯನ್ನೊಮ್ಮೆ ಬಿಚ್ಚಿ ನೋಡಿ. ಅದರಲ್ಲಿ ಅಜ್ಜಿಯ ಕಾಲದ ಕೌದಿಯೊಂದು ಇದ್ದರೂ ಇರಬಹುದು. ಅದರ ಒಂದು ತುಂಡು ಅಮ್ಮನ ಹಳೆಯ ಇಳಕಲ್ ಸೀರೆಯದು, ಇನ್ನೊಂದು ತಾತನ ಪಂಚೆಯದು, ಮೂಲೆಯಲ್ಲಿರುವ ಹೂವಿನ ಚೀಟಿಬಟ್ಟೆ ನಿಮ್ಮದೇ ಎಳೆತನದ ಲಂಗದ್ದು. ಚಳಿಗಾಲದಲ್ಲಿ ಅದನ್ನು ಹೊದ್ದು ಮಲಗಿದ್ದೇವೆ. ಹರಿದಾಗ ಮೇಲೊಂದು ತೇಪೆ ಹಾಕಿದ್ದೇವೆ. ಆದರೆ ಅದನ್ನು ಹೊಲಿದ ಅಜ್ಜಿಯನ್ನು ನಾವು ಯಾರೂ ಕಲಾವಿದೆ ಎಂದು ಕರೆದದ್ದಿಲ್ಲ. ಕರೆದಿದ್ದರೆ ಆಕೆಯೇ ನಕ್ಕುಬಿಡುತ್ತಿದ್ದಳು.

ಕಲೆ ಎಂದರೆ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವುದು, ಕೌದಿ ಎಂದರೆ ಹೊದೆಯುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಈ ಎರಡರ ನಡುವೆ ಗೆರೆ ಎಳೆದವರು ಯಾರು? ಆ ಗೆರೆಯನ್ನು ಅಳಿಸಬಹುದೆ? ಹೀಗೆ ಕೇಳಿ, ತಮ್ಮ ಬಾಳನ್ನೇ ಅದಕ್ಕೆ ಉತ್ತರವಾಗಿ ಕೊಟ್ಟ ಮಹಿಳೆಯೊಬ್ಬರನ್ನು ಇಂದು ನಿಮಗೆ ಪರಿಚಯ ಮಾಡಿಕೊಡಬೇಕೆಂದಿದ್ದೇನೆ. ಅವರ ಹೆಸರು ಫೇತ್ ರಿಂಗ್‌ಗೋಲ್ಡ್. ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದವರು. ಚಿತ್ರ ಬರೆದರು, ಮುಖವಾಡ ಹೊಲಿದರು, ಬಟ್ಟೆಯಲ್ಲಿ ಆಳೆತ್ತರದ ಬೊಂಬೆಗಳನ್ನು ಮಾಡಿದರು, ಜನರ ಮುಂದೆ ನಿಂತು ಅಭಿನಯಿಸಿದರು, ಮಕ್ಕಳಿಗೆ ಪುಸ್ತಕ ಬರೆದರು. ಕಡೆಗೆ ಇವೆಲ್ಲವನ್ನೂ ಕೌದಿಯಲ್ಲಿ ಕೂಡಿಸಿ ಹೊಲಿದರು.

ಅವರು ಹುಟ್ಟಿದ್ದು 1930ರ ಅಕ್ಟೋಬರ್ 8ರಂದು, ನ್ಯೂಯಾರ್ಕ್ ನಗರದ ಹಾರ್ಲೆಂ ಎಂಬ ಬಡಾವಣೆಯಲ್ಲಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಾಳುವುದು ದುಸ್ತರವಾದಾಗ ಕಪ್ಪು ಜನ ಲಕ್ಷಗಟ್ಟಲೆಯಾಗಿ ಉತ್ತರದ ನಗರಗಳಿಗೆ ಬಂದು ನೆಲೆಸಿದರಷ್ಟೆ. ಹಾಗೆ ಬಂದವರು ಕಟ್ಟಿಕೊಂಡ ಕೇರಿಗಳಲ್ಲಿ ಹಾರ್ಲೆಂ ದೊಡ್ಡದು. ಬಡತನಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಹಾಗೆಯೇ ಹಾಡಿಗೂ ಕವಿತೆಗೂ ಕೊರತೆಯಿರಲಿಲ್ಲ. ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಮೊದಲಾದವರು ಓಡಾಡಿದ ಬೀದಿಗಳು ಅವು. ಫೇತ್ ಅವರ ತಂದೆ ನಗರದ ಕಸದ ಲಾರಿ ನಡೆಸುತ್ತಿದ್ದರು. ತಾಯಿ ವಿಲ್ಲಿ ಪೋಸಿ ಹೊಲಿಗೆಯಲ್ಲಿ ನಿಪುಣೆ. ಹೊಸ ಬಗೆಯ ಉಡುಪುಗಳನ್ನು ಕಲ್ಪಿಸಿ, ಹೊಲಿದು, ಪ್ರದರ್ಶಿಸುವಷ್ಟು ಹೆಸರು ಮಾಡಿದವರು.

ಹುಡುಗಿಗೆ ಗೂರಲು ರೋಗ. ಶಾಲೆಗೆ ಹೋಗಲಾಗದೆ ಎಷ್ಟೋ ದಿನ ಮನೆಯಲ್ಲೇ ಇರಬೇಕಾಗುತ್ತಿತ್ತು. ಹಾಸಿಗೆಯಲ್ಲಿ ಕುಳಿತ ಮಗುವಿನ ಕೈಗೆ ತಾಯಿ ಬಣ್ಣದ ಕಡ್ಡಿಗಳನ್ನೂ ಕಾಗದವನ್ನೂ ಹೊಲಿಗೆಯಲ್ಲಿ ಉಳಿದ ಬಟ್ಟೆಯ ಚೂರುಗಳನ್ನೂ ಕೊಟ್ಟರು. ರೋಗ ಶಾಲೆಯನ್ನು ತಪ್ಪಿಸಿತು. ತಾಯಿ ಮನೆಯನ್ನೇ ಶಾಲೆಯಾಗಿ ಮಾಡಿದರು. ಮಕ್ಕಳು ಮನೆಯಲ್ಲಿ ಬಟ್ಟೆಚೂರು ಹರಡಿದರೆಂದು ರೇಗುವ ತಾಯಂದಿರು ಈ ಸಂಗತಿಯನ್ನು ನೆನಪಿಡಬೇಕು.

ಆ ಹೊಲಿಗೆಗೆ ಹಿಂದಿನದೊಂದು ಕಥೆಯಿದೆ. ಫೇತ್ ಅವರ ಮುತ್ತಜ್ಜಿಯ ತಾಯಿ ಸೂಸಿ ಶಾನನ್ ಗುಲಾಮಳಾಗಿದ್ದವಳು. ತೋಟದ ಒಡೆಯರ ಮನೆಗೆ ಬೇಕಾದ ಕೌದಿಗಳನ್ನು ಹೊಲಿದುಕೊಡುವುದು ಅವಳ ಕೆಲಸಗಳಲ್ಲೊಂದು. ಆ ಕೈಯಿಂದ ಮುಂದಿನ ಕೈಗೆ ಕಸುಬು ಇಳಿಯಿತು. ಹಿಟ್ಟಿನ ಚೀಲಗಳನ್ನು ಕುದಿಸಿ, ಬಿಳುಪು ಮಾಡಿ, ಕೌದಿಗೆ ಒಳಪದರ ಕೊಡುವ ಹಂಚಿಕೆಯನ್ನು ಮನೆಯ ಹಿರಿಯರಿಂದಲೇ ವಿಲ್ಲಿ ಪೋಸಿ ಕಂಡಿದ್ದರು. ಓದಲು ಬರೆಯಲು ಕಲಿಸದ, ಹಲವೆಡೆ ಕಲಿಸುವುದೇ ಅಪರಾಧವಾಗಿದ್ದ ಆ ದಾಸ್ಯದ ಕಾಲದಲ್ಲಿ, ಹೆಂಗಸರು ಮುಂದಿನವರಿಗೆ ಬಿಟ್ಟುಹೋಗಬಹುದಾಗಿದ್ದುದು ಇಂಥ ಕೈಕೆಲಸವನ್ನೇ.

ಈ ಆಸ್ತಿಯ ಬೆಲೆ ಫೇತ್ ಅವರಿಗೆ ಮೊದಲು ತಿಳಿಯಲಿಲ್ಲ. ಅವರಿಗೆ ಬೇಕಾಗಿದ್ದುದು ದೊಡ್ಡ ಚಿತ್ರಕಾರರ ಸಾಲಿನಲ್ಲಿ ಒಂದು ಸ್ಥಾನ. 1950ರಲ್ಲಿ ನಗರದ ಸಿಟಿ ಕಾಲೇಜಿಗೆ ಸೇರಹೋದರು. ಕಲೆಯನ್ನೇ ಮುಖ್ಯ ವಿಷಯವಾಗಿ ಓದುವ ವಿಭಾಗಕ್ಕೆ ಅಲ್ಲಿ ಆಗ ಹೆಂಗಸರಿಗೆ ಪ್ರವೇಶವಿರಲಿಲ್ಲ. ಆದರೆ ಉಪಾಧ್ಯಾಯಿನಿಯಾಗಲು ಓದಬಹುದು. ಆ ನೆಪದಲ್ಲಿ ಕಲೆಯನ್ನೂ ಕಲಿಯಬಹುದು. ಮುಂಬಾಗಿಲು ಮುಚ್ಚಿದ್ದರೆ ಹಿತ್ತಿಲ ಬಾಗಿಲಾದರೂ ಆಗಲಿ ಎಂದು ಅವರು ಹಾಗೆಯೇ ಓದಿದರು. 1955ರಿಂದ 1973ರವರೆಗೆ ನಗರದ ಸಾರ್ವಜನಿಕ ಶಾಲೆಗಳಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟರು. ಇದರ ನಡುವೆ ಮದುವೆ, ಒಂದೇ ವರ್ಷದಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು, ಮುರಿದ ಸಂಸಾರ, ಮತ್ತೆ 1962ರಲ್ಲಿ ಬರ್ಡೆಟ್ ರಿಂಗ್‌ಗೋಲ್ಡ್ ಅವರೊಡನೆ ಎರಡನೆಯ ಮದುವೆ. ಶಾಲೆಯ ಕೆಲಸ, ಮಕ್ಕಳ ಕೆಲಸ, ಅಡುಗೆ, ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತು ಕುಂಚಕ್ಕೆ. ಗೃಹಿಣಿಯರಿಗೆ ಈ ಲೆಕ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ದಿನಗಳಲ್ಲಿ ಅವರು ಬರೆಯುತ್ತಿದ್ದುದು ಹೂವು, ಮರ, ಹೂದಾನಿ. ಎಲ್ಲವೂ ಫ್ರಾನ್ಸಿನ ದೊಡ್ಡವರ ರೀತಿಯಲ್ಲಿ. ಅವನ್ನು ಹೊತ್ತುಕೊಂಡು ನಗರದ ಚಿತ್ರಶಾಲೆಯೊಂದಕ್ಕೆ ತೋರಿಸಲು ಹೋದರು. ಅಲ್ಲಿನ ಒಡತಿ ನೋಡಿ, ಇದು ನೀವು ಮಾಡುವ ಕೆಲಸವಲ್ಲ ಎಂಬರ್ಥದ ಒಂದು ಮಾತು ಹೇಳಿ ಕಳಿಸಿದರು. ಅಂಥ ಮಾತಿಗೆ ಎರಡು ಅರ್ಥ ಬರುತ್ತದೆ. ನಿಮ್ಮ ಕೈಲಾಗದು ಎಂಬುದು ಒಂದು. ನಿಮ್ಮ ಸುತ್ತ ಇಷ್ಟೆಲ್ಲ ನಡೆದಿರುವಾಗ ನೀವು ಹೂದಾನಿ ಬರೆಯುವುದೇ ಎಂಬುದು ಇನ್ನೊಂದು. ಮನೆಗೆ ಮರಳುವ ದಾರಿಯಲ್ಲಿ ಗಂಡಹೆಂಡಿರು ಅದನ್ನೇ ಮಾತನಾಡಿಕೊಂಡರು. ಫೇತ್ ಎರಡನೆಯ ಅರ್ಥವನ್ನು ಆರಿಸಿಕೊಂಡರು. ನೊಂದುಕೊಳ್ಳಬಹುದಾಗಿದ್ದ ಮಾತಿನಿಂದ ಅವರು ದಾರಿಯನ್ನು ಕಂಡುಕೊಂಡರು.

ಆ ಕಾಲ ಎಂಥದೆಂದು ನೆನೆಸಿಕೊಳ್ಳಿ. ಬಸ್ಸಿನಲ್ಲಿ, ಶಾಲೆಯಲ್ಲಿ, ಮತಗಟ್ಟೆಯಲ್ಲಿ ಸಮಾನ ಹಕ್ಕು ಬೇಕೆಂದು ಕಪ್ಪು ಜನ ಬೀದಿಗಿಳಿದಿದ್ದರು. 1963ರ ಬೇಸಗೆಯಲ್ಲಿ ಫೇತ್ ‘ಅಮೆರಿಕದ ಜನ’ ಎಂಬ ಚಿತ್ರಮಾಲೆಯನ್ನು ಆರಂಭಿಸಿದರು. ಅದರ ಇಪ್ಪತ್ತನೆಯ ಚಿತ್ರ 1967ರದು. ಹೆಸರು ‘ಡೈ’, ಎಂದರೆ ‘ಸಾಯಿ’. ಆರು ಅಡಿ ಎತ್ತರ, ಹನ್ನೆರಡು ಅಡಿ ಅಗಲ. ಒಳ್ಳೆಯ ಉಡುಪು ತೊಟ್ಟ ಕಪ್ಪು ಜನ, ಬಿಳಿಯ ಜನ ಒಬ್ಬರನ್ನೊಬ್ಬರು ಹೊಡೆಯುತ್ತ, ಓಡುತ್ತ, ಬೀಳುತ್ತ ಇದ್ದಾರೆ. ಎಲ್ಲರ ಮೈಮೇಲೂ ಒಂದೇ ಬಣ್ಣದ ರಕ್ತ. ನಡುವೆ ಒಂದು ಕಪ್ಪು ಮಗು, ಒಂದು ಬಿಳಿಯ ಮಗು ಹೆದರಿ ಒಂದನ್ನೊಂದು ತಬ್ಬಿಕೊಂಡಿವೆ. ನ್ಯೂಯಾರ್ಕಿನ ಆಧುನಿಕ ಕಲಾಸಂಗ್ರಹಾಲಯದಲ್ಲಿ ಆಗ ಇದ್ದ ಪಿಕಾಸೋನ ‘ಗೆರ್ನಿಕಾ’ ಚಿತ್ರವನ್ನು ಮತ್ತೆ ಮತ್ತೆ ನೋಡಿ ಕಲಿತ ಪಾಠ ಇದರಲ್ಲಿದೆ. ಅದೇ ಸಂಗ್ರಹಾಲಯ ಈ ಚಿತ್ರವನ್ನು ಕೊಂಡದ್ದು 2016ರಲ್ಲಿ; ಪಿಕಾಸೋನ ಹೆಸರಾಂತ ಚಿತ್ರದ ಜೊತೆಯಲ್ಲೇ ತೂಗುಹಾಕಿದ್ದು 2019ರಲ್ಲಿ. ಎಂದರೆ ಚಿತ್ರ ಬರೆದ ಐವತ್ತೆರಡು ವರ್ಷದ ಮೇಲೆ.

ಐವತ್ತೆರಡು ವರ್ಷ ಸುಮ್ಮನೆ ಕಾದು ಕುಳಿತವರಲ್ಲ ಆಕೆ. 1968ರಲ್ಲಿ ವಿಟ್ನಿ ಸಂಗ್ರಹಾಲಯದವರು 1930ರ ದಶಕದ ಅಮೆರಿಕದ ಕಲೆಯೆಂದು ಪ್ರದರ್ಶನ ಇಟ್ಟು ಕಪ್ಪು ಕಲಾವಿದರನ್ನು ಹೊರಗಿಟ್ಟಾಗ ಅದರ ಬಾಗಿಲಲ್ಲಿ ನಿಂತು ಪ್ರತಿಭಟಿಸಿದವರಲ್ಲಿ ಅವರೂ ಒಬ್ಬರು. 1970ರಲ್ಲಿ, ಪ್ರದರ್ಶನದಲ್ಲಿ ಅರ್ಧದಷ್ಟು ಹೆಂಗಸರ ಕೃತಿಗಳಿರಲಿ ಎಂದು ಗೆಳತಿಯರೊಡನೆ ಹಟ ಹಿಡಿದರು. ಅವರ ಹೋರಾಟದ ಸಾಮಗ್ರಿ ಏನು ಗೊತ್ತೆ? ಸೀಟಿ ಮತ್ತು ಕೋಳಿಮೊಟ್ಟೆ! ಬೇಯಿಸಿದ ಮೊಟ್ಟೆಗಳನ್ನೂ ಹಸಿ ಮೊಟ್ಟೆಗಳನ್ನೂ ಸಂಗ್ರಹಾಲಯದೊಳಗೆ ಇಟ್ಟುಬಂದರು. ನಗು ಬರುತ್ತದೆ, ನಿಜ. ಆದರೆ ಆ ವರ್ಷ ಬೆಟ್ಟಿ ಸಾರ್, ಬಾರ್ಬರಾ ಚೇಸ್ ರಿಬೂ ಎಂಬ ಇಬ್ಬರು ಕಪ್ಪು ಮಹಿಳೆಯರಿಗೆ ಅಲ್ಲಿ ಮೊದಲ ಬಾರಿಗೆ ಸ್ಥಾನ ಸಿಕ್ಕಿತು. ಅದೇ ವರ್ಷದ ನವೆಂಬರಿನಲ್ಲಿ, ರಾಷ್ಟ್ರಧ್ವಜವನ್ನು ಕಲೆಯಲ್ಲಿ ಬಳಸುವ ಹಕ್ಕಿನ ಬಗ್ಗೆ ಏರ್ಪಡಿಸಿದ ಪ್ರದರ್ಶನಕ್ಕಾಗಿ ಅವರು ಬಂಧನಕ್ಕೂ ಒಳಗಾದರು. ನ್ಯಾಯಾಲಯ ನೂರು ಡಾಲರು ದಂಡ ಹಾಕಿತು.

ಕೂಗಿ ಕೇಳುವುದು ಒಂದು ಕೆಲಸ. ಕೂಗಲೂ ಆಗದವರ ಮಾತನ್ನು ಕಿವಿಗೊಟ್ಟು ಕೇಳುವುದು ಇನ್ನೊಂದು. 1971ರಲ್ಲಿ ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಹೆಂಗಸರ ಸೆರೆಮನೆಗೆ ಒಂದು ದೊಡ್ಡ ಚಿತ್ರ ಬರೆಯಲು ಅವರು ಒಪ್ಪಿಕೊಂಡರು. ಮೊದಲು ಅಲ್ಲಿನ ಕೈದಿಗಳನ್ನೇ ಕೇಳಿದರು: ನಿಮಗೆ ಯಾವ ಚಿತ್ರ ಬೇಕು? ಇಲ್ಲಿಂದ ಹೊರಗೆ ಹೋಗುವ ಉದ್ದನೆಯ ದಾರಿಯನ್ನು ತೋರಿಸಿ ಎಂದಳಂತೆ ಒಬ್ಬಳು. ಫೇತ್ ರಸ್ತೆಯ ಚಿತ್ರ ಬರೆಯಲಿಲ್ಲ. ಆಫ್ರಿಕದ ಕಾಂಗೋ ಪ್ರದೇಶದ ಕೂಬ ಜನರ ವಸ್ತ್ರವಿನ್ಯಾಸದಂತೆ ಚಿತ್ರವನ್ನು ಎಂಟು ತ್ರಿಕೋಣಗಳಾಗಿ ಹಂಚಿ, ಬಸ್ಸು ನಡೆಸುವ ಹೆಂಗಸು, ವೈದ್ಯೆ, ಪೊಲೀಸು, ಬುಟ್ಟಿಚೆಂಡಿನ ಆಟಗಾರ್ತಿಯರು, ದೇಶದ ಅಧ್ಯಕ್ಷೆ, ಹೀಗೆ ಆ ಕಾಲಕ್ಕೆ ಹೆಂಗಸರಿಗೆ ಎಟುಕದಿದ್ದ ಕೆಲಸಗಳಲ್ಲಿ ಅವರನ್ನು ನಿಲ್ಲಿಸಿದರು. ಸೆರೆಯಿಂದ ಹೊರಗೆ ಹೋಗುವ ದಾರಿ ಇದೇ ಎಂಬುದು ಅವರ ಉತ್ತರ. ಮುಂದೆ 1988ರಲ್ಲಿ ಅದು ಗಂಡಸರ ಸೆರೆಮನೆಯಾದಾಗ ಯಾರೋ ಆ ಚಿತ್ರಕ್ಕೆ ಬಿಳಿಯ ಬಣ್ಣ ಬಳಿದುಬಿಟ್ಟರು. ಪುಣ್ಯಕ್ಕೆ ಅದನ್ನು ಉಳಿಸಿ ಸರಿಪಡಿಸಲಾಯಿತು. ಅದನ್ನು ಬ್ರೂಕ್ಲಿನ್ ಸಂಗ್ರಹಾಲಯಕ್ಕೆ ಒಯ್ಯುವುದೆಂದು 2022ರಲ್ಲಿ ತೀರ್ಮಾನವಾಯಿತು.

ಇನ್ನು ಕೌದಿಯ ಮಾತಿಗೆ ಬರೋಣ. 1972ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಸಂಗ್ರಹಾಲಯದಲ್ಲಿ ಫೇತ್ ಟಿಬೆಟ್ಟಿನ ತಂಗ್ಕ ಚಿತ್ರಗಳನ್ನು ನೋಡಿದರು. ನಮ್ಮ ಬೈಲಕುಪ್ಪೆ, ಮುಂಡಗೋಡಗಳ ಬೌದ್ಧ ಮಠಗಳಿಗೆ ಹೋದವರು ಅಂಥವನ್ನು ಕಂಡಿರಬಹುದು: ನಡುವೆ ದೇವರ ಚಿತ್ರ, ಸುತ್ತ ರೇಷ್ಮೆಯ ಅಂಚು, ಬೇಕಾದಾಗ ತೂಗುಹಾಕಿ, ಬೇಡವಾದಾಗ ಸುರುಳಿ ಸುತ್ತಿ ಒಯ್ಯಬಹುದು. ಫೇತ್ ಅವರಿಗೆ ಹೊಳೆಯಿತು: ತಮ್ಮ ಚಿತ್ರಕ್ಕೂ ಮರದ ಚೌಕಟ್ಟು ಏಕೆ ಬೇಕು? ಭಾರವಾದ ಚಿತ್ರವನ್ನು ಎತ್ತಲು ನಾಲ್ಕು ಆಳು ಬೇಕು; ಬಟ್ಟೆಯ ಅಂಚಿನ ಚಿತ್ರವನ್ನು ಒಬ್ಬ ಹೆಂಗಸು ಪೆಟ್ಟಿಗೆಯಲ್ಲಿಟ್ಟು ಊರೂರಿಗೆ ಒಯ್ಯಬಹುದು. ಆದರೆ ಅಂಚು ಹೊಲಿಯುವವರು ಯಾರು? ತಾಯಿ ಇದ್ದರಲ್ಲ!

ಅಲ್ಲಿಂದ ತಾಯಿ ಮಗಳು ಜೊತೆಗೂಡಿದರು. ಚಿತ್ರಗಳಿಗೆ ಬಟ್ಟೆಯ ಅಂಚು, ಅನಂತರ ಮುಖವಾಡಗಳು, ಬಟ್ಟೆಯ ಬೊಂಬೆಗಳು, ಆ ಬೊಂಬೆಗಳನ್ನಿಟ್ಟುಕೊಂಡು ವಿಶ್ವವಿದ್ಯಾನಿಲಯಗಳಲ್ಲಿ ಅಭಿನಯ. 1980ರಲ್ಲಿ ಇಬ್ಬರೂ ಸೇರಿ ಮೊದಲ ಕೌದಿಯನ್ನು ಮುಗಿಸಿದರು. ಹೆಸರು ‘ಹಾರ್ಲೆಂನ ಮಾರ್ದನಿಗಳು’. ಅದರಲ್ಲಿ ಹಾರ್ಲೆಂ ಜನರ ಮೂವತ್ತು ಮುಖಗಳಿವೆ. ಒಂದೊಂದು ಮುಖದ ಸುತ್ತಲೂ ತಾಯಿ ಆರಿಸಿದ ಬಟ್ಟೆ. ಮರುವರ್ಷ, 1981ರಲ್ಲಿ, ವಿಲ್ಲಿ ಪೋಸಿ ತೀರಿಕೊಂಡರು. ಇಬ್ಬರೂ ಸೇರಿ ಹೊಲಿದ ಕೌದಿ ಅದೊಂದೇ. ಆಮೇಲೆ ಫೇತ್ ಹೊಲಿದ ಪ್ರತಿಯೊಂದು ಕೌದಿಯಲ್ಲೂ ತಾಯಿಯ ಪಾಠವಿದೆ.

ಇದೇ ಹೊತ್ತಿನಲ್ಲಿ ಇನ್ನೊಂದು ಬಾಗಿಲು ಮುಚ್ಚಿತು. ಅವರು ತಮ್ಮ ಆತ್ಮಕಥೆಯನ್ನು ಬರೆದಿದ್ದರು, ಪ್ರಕಾಶಕರು ಸಿಗಲಿಲ್ಲ. ಆಗ ಅವರು ಮಾಡಿದ ಉಪಾಯವನ್ನು ಮೆಚ್ಚಲೇಬೇಕು. ಪುಸ್ತಕದಲ್ಲಿ ಅಚ್ಚಾಗದ ಕಥೆಯನ್ನು ಕೌದಿಯ ಮೇಲೆಯೇ ಬರೆದರು. ಪ್ರದರ್ಶನದಲ್ಲಿ ನೋಡುವವರು ಓದುತ್ತಾರೆ. ಕೌದಿಯ ಚಿತ್ರ ಅಚ್ಚಾದಾಗ ಕಥೆಯೂ ಅಚ್ಚಾಗುತ್ತದೆ. ಯಾರ ಅಪ್ಪಣೆಯೂ ಬೇಕಿಲ್ಲ. ಹೀಗೆ 1983ರಲ್ಲಿ ಹುಟ್ಟಿದ್ದು ಅವರ ಮೊದಲ ಕಥಾಕೌದಿ. ಅದರ ನಾಯಕಿ ಜಮೈಮಾ. ಅಮೆರಿಕದ ಒಂದು ದೋಸೆಹಿಟ್ಟಿನ ಪೊಟ್ಟಣದ ಮೇಲೆ ಬಹುಕಾಲ ನಗುತ್ತಿದ್ದ ಕಪ್ಪು ಅಡುಗೆಯವಳ ಹೆಸರು ಅದು. ಕಪ್ಪು ಹೆಂಗಸೆಂದರೆ ದಪ್ಪಗಿನ, ನಗುಮುಖದ, ಇನ್ನೊಬ್ಬರ ಅಡುಗೆಮನೆಯ ಆಳು ಎಂಬ ತಾತ್ಸಾರ ಆ ಚಿತ್ರದಲ್ಲಿತ್ತು. ಫೇತ್ ಅವರ ಕೌದಿಯಲ್ಲಿ ಜಮೈಮಾ ಯಾರ ಆಳೂ ಅಲ್ಲ. ಸ್ವಂತ ವ್ಯಾಪಾರ ಕಟ್ಟಿ ಬೆಳೆಸಿದ ಯಜಮಾನಿ. ಆ ಹೆಸರನ್ನೂ ಚಿತ್ರವನ್ನೂ ಕಂಪೆನಿ ಕೈಬಿಟ್ಟದ್ದು 2021ರಲ್ಲಿ; ಕೌದಿ ಅದಕ್ಕಿಂತ ಮೂವತ್ತೆಂಟು ವರ್ಷ ಮುಂದಿತ್ತು.

ಪರರು ತಮ್ಮನ್ನು ಹೇಗೆ ಕಾಣುತ್ತಾರೆ ಎಂದು ಕೇಳಿದವರು ತಮ್ಮನ್ನು ತಾವು ನೋಡಿಕೊಳ್ಳಲೂ ಹಿಂಜರಿಯಲಿಲ್ಲ. 1986ರಲ್ಲಿ ‘ಬದಲಾವಣೆ’ ಎಂಬ ಕೌದಿ ಹೊಲಿದರು. ತಮ್ಮದೇ ಹಳೆಯ ಛಾಯಾಚಿತ್ರಗಳನ್ನು ಬಟ್ಟೆಯ ಮೇಲೆ ಅಚ್ಚುಮಾಡಿ, ದುಃಖದಲ್ಲಿ, ಬೇಸರದಲ್ಲಿ, ಸಂಸಾರದ ಗಡಿಬಿಡಿಯಲ್ಲಿ ತಾವು ಹೇಗೆ ತಿನ್ನುತ್ತ ಹೋದೆವು, ಆ ವರ್ಷ ನೂರು ಪೌಂಡು ತೂಕವನ್ನು ಹೇಗೆ ಇಳಿಸಿದೆವು ಎಂಬುದನ್ನು ನಾಚದೆ ಬರೆದರು. ನಮ್ಮ ಲೆಕ್ಕದಲ್ಲಿ ನಲವತ್ತೈದು ಕಿಲೋ! ಅದನ್ನೇ ಜನರ ಮುಂದೆ ಅಭಿನಯಿಸಿಯೂ ತೋರಿಸಿದರು. ಐವತ್ತು ದಾಟಿದ ಮೇಲೆ ಬದಲಾಗುವುದುಂಟೆ ಎನ್ನುವವರಿಗೆ ಅವರ ಉತ್ತರ ಈ ಕೌದಿ.

ಅವರ ಕೌದಿಗಳಲ್ಲಿ ಜನ ಹೆಚ್ಚು ಪ್ರೀತಿಸುವುದು 1988ರ ‘ಟಾರ್ ಬೀಚ್’, ಎಂದರೆ ‘ಡಾಂಬರಿನ ಕಡಲತೀರ’. ಈ ಪುಟದಲ್ಲಿ ಅದನ್ನು ಮಾತಿನಿಂದಲೇ ತೋರಿಸಬೇಕಾಗಿದೆ. ಕಣ್ಣು ಮುಚ್ಚಿ ಊಹಿಸಿಕೊಳ್ಳಿ. ಬೇಸಗೆಯ ರಾತ್ರಿ. ಹಾರ್ಲೆಂನ ಮನೆಗಳೊಳಗೆ ಸೆಕೆ ತಡೆಯಲಾಗದು. ಕಡಲತೀರಕ್ಕೆ ಹೋಗುವ ಅನುಕೂಲ ಎಲ್ಲರಿಗೆಲ್ಲಿ? ಬಡವರು ಡಾಂಬರು ಬಳಿದ ಮನೆಯ ಮಾಳಿಗೆಯನ್ನೇ ಕಡಲತೀರ ಎಂದು ಕರೆದುಕೊಂಡರು. ಮೇಜಿನ ಸುತ್ತ ಅಪ್ಪ, ಅಮ್ಮ, ನೆರೆಮನೆಯ ದಂಪತಿಗಳು ಇಸ್ಪೀಟು ಆಡುತ್ತಿದ್ದಾರೆ. ಪಕ್ಕದಲ್ಲಿ ಹಾಸಿದ ಹಾಸಿಗೆಯ ಮೇಲೆ ಅಕ್ಕ ಮತ್ತು ತಮ್ಮ ಆಕಾಶ ನೋಡುತ್ತ ಮಲಗಿದ್ದಾರೆ. ಮೇಲೆ ನೋಡಿದರೆ ಅದೇ ಹುಡುಗಿ, ಎಂಟು ವರ್ಷದ ಕ್ಯಾಸಿ, ನಕ್ಷತ್ರಗಳ ನಡುವೆ ಹಾರುತ್ತಿದ್ದಾಳೆ! ಅವಳ ಕೆಳಗೆ ಜಾರ್ಜ್ ವಾಷಿಂಗ್ಟನ್ ಸೇತುವೆಯ ದೀಪಗಳು. ಆ ಸೇತುವೆ ಕಟ್ಟಿದವರಲ್ಲಿ ಅವಳ ಅಪ್ಪನೂ ಒಬ್ಬ. ಆದರೆ ಕೆಲಸಗಾರರ ಸಂಘದಲ್ಲಿ ಅವನಿಗೆ ಜಾಗವಿಲ್ಲ. ಅವನ ಬಣ್ಣವೂ ಕುಲವೂ ಅಡ್ಡ. ಹುಡುಗಿ ಸಂಘದ ಕಟ್ಟಡದ ಮೇಲೆಯೇ ಹಾರಿ ಅದನ್ನು ಅಪ್ಪನಿಗೆ ಕೊಡಿಸುತ್ತಾಳೆ. ಗುಲಾಮರು ಹಾರಿ ಬಿಡುಗಡೆ ಪಡೆದರೆಂಬ ಜನಪದ ಕಥೆಗಳು ಆ ಜನರಲ್ಲಿ ಉಂಟು. ಅಲ್ಲಿಂದ ಬಂದದ್ದು ಈ ಹಾರಾಟ.

ಆ ಕೌದಿ ನ್ಯೂಯಾರ್ಕಿನ ಗುಗ್ಗನ್‌ಹೈಮ್ ಸಂಗ್ರಹಾಲಯವನ್ನು ಸೇರಿತು. 1991ರಲ್ಲಿ ಅದೇ ಕಥೆ ಮಕ್ಕಳ ಪುಸ್ತಕವಾಗಿ ಬಂದು, 1992ರಲ್ಲಿ ಕಾಲ್ಡಿಕಾಟ್ ಗೌರವವನ್ನೂ ಕೊರೆಟ್ಟಾ ಸ್ಕಾಟ್ ಕಿಂಗ್ ಪ್ರಶಸ್ತಿಯನ್ನೂ ಪಡೆಯಿತು. ಯಾರೂ ಅಚ್ಚುಹಾಕದಿದ್ದ ಆತ್ಮಕಥೆಯೂ 1995ರಲ್ಲಿ ಹೊರಬಂದಿತು. 1996ರಲ್ಲಿ ಹಾರ್ಲೆಂನ 125ನೆಯ ಬೀದಿಯ ನೆಲದಡಿಯ ರೈಲು ನಿಲ್ದಾಣದಲ್ಲಿ, ಆ ಕೇರಿಯ ಹಿರಿಯರು ಹಾರುತ್ತಿರುವ ಚಿತ್ರಗಳನ್ನು ಬಣ್ಣದ ಚೂರುಗಳಲ್ಲಿ ಜೋಡಿಸಲಾಯಿತು. ಸಂಗ್ರಹಾಲಯದ ಮೆಟ್ಟಿಲು ಹತ್ತದವರೂ ದಿನವೂ ಅವನ್ನು ನೋಡುತ್ತ ಕೆಲಸಕ್ಕೆ ಹೋಗುತ್ತಾರೆ.

ಇನ್ನೊಂದು ಕೌದಿಯನ್ನು ಹೇಳದೆ ಮುಗಿಸಲಾರೆ. 1991ರದು. ಫ್ರಾನ್ಸಿನ ಆರ್ಲ್ ಎಂಬ ಊರಿನ ಸೂರ್ಯಕಾಂತಿಯ ಹೊಲದಲ್ಲಿ ಎಂಟು ಮಂದಿ ಕಪ್ಪು ಮಹಿಳೆಯರು ಒಂದು ಕೌದಿಯನ್ನು ಹಿಡಿದು ನಿಂತಿದ್ದಾರೆ. ದಾಸ್ಯದಿಂದ ಜನರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್, ಬಸ್ಸಿನಲ್ಲಿ ತಮ್ಮ ಜಾಗ ಬಿಟ್ಟುಕೊಡದ ರೋಸಾ ಪಾರ್ಕ್ಸ್ ಮೊದಲಾದವರು. ಪಕ್ಕದಲ್ಲಿ ಹೂ ಹಿಡಿದು ನಿಂತಿರುವಾತ ಚಿತ್ರಕಾರ ವಾನ್ ಗೋ. ಫೇತ್ ತಾವು ಕಲಿತ ಫ್ರೆಂಚ್ ಚಿತ್ರಕಲೆಯನ್ನು ಬಿಸುಡಲಿಲ್ಲ. ಅಲ್ಲಿಗೆ ತಮ್ಮ ಅಜ್ಜಿಯಂದಿರನ್ನೂ ಕರೆದೊಯ್ದು ನಿಲ್ಲಿಸಿದರು, ಅಷ್ಟೆ.

ಇಲ್ಲಿ ನಮ್ಮ ನಾಡಿಗೆ ಸೇರಿದ ಮಾತೊಂದಿದೆ. ಆಫ್ರಿಕದಿಂದ ಗುಲಾಮರಾಗಿ ಹಡಗೇರಿದವರಲ್ಲಿ ಕೆಲವರು ಅಟ್ಲಾಂಟಿಕ್ ಸಾಗರ ದಾಟಿದರು; ಕೆಲವರು ಅರಬ್ಬಿ ಸಮುದ್ರ ದಾಟಿ ನಮ್ಮ ಪಡುವಣ ಕರಾವಳಿಗೆ ಬಂದರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿ ನೆಲೆಸಿರುವ ಸಿದ್ದಿ ಜನರ ಹಿರಿಯರು ಹಾಗೆ ಬಂದವರು. ಅವರ ಹೆಂಗಸರೂ ಹಳೆಯ ಬಟ್ಟೆಯಿಂದ ಕೌದಿ ಹೊಲಿಯುತ್ತಾರೆ: ಅಂಚಿನಿಂದ ಆರಂಭಿಸಿ ನಡುವಿನತ್ತ ಸುತ್ತಿ ಸುತ್ತಿ ಬರುತ್ತಾರೆ, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ಹೂ ಇಡುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆಯಾದಂತೆ ಎಂಬುದು ಅವರ ಭಾವನೆ. ಒಬ್ಬರದನ್ನು ನೋಡಿ ಇನ್ನೊಬ್ಬರು ಕಲಿತದ್ದಲ್ಲ. ಆದರೂ ಎರಡು ಕಡಲಾಚೆ ಹರಿದು ಚೂರಾಗಿ ಬಿದ್ದ ಜನ, ಚೂರುಗಳನ್ನೇ ಕೂಡಿಸಿ ಬೆಚ್ಚನೆಯ ಹೊದಿಕೆ ಮಾಡಿಕೊಂಡರು ಎಂಬುದು ಯೋಚಿಸಬೇಕಾದ ಸಂಗತಿ.

ಫೇತ್ ರಿಂಗ್‌ಗೋಲ್ಡ್ 2024ರ ಏಪ್ರಿಲಿನಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲಿ, ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ನಾನು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಅವರು ಪ್ಯಾರಿಸ್ಸಿನ ಚಿತ್ರಶಾಲೆಗಳವರೆಗೆ ಹೋಗಿಬಂದಿದ್ದರು. ಉತ್ತರ ಸಿಕ್ಕಿದ್ದು ತಾಯಿಯ ಹೊಲಿಗೆಯ ಬುಟ್ಟಿಯಲ್ಲಿ. ಅಲ್ಲಿ ಸಿಕ್ಕಿದ್ದೂ ಅವರೊಬ್ಬರದೇ ಅಲ್ಲ. ತಾಯಿಯದೊಂದು ತುಂಡು, ಗುಲಾಮಳಾಗಿದ್ದ ಅಜ್ಜಿಯದೊಂದು, ನೆರೆಮನೆಯವರದೊಂದು. ಮನುಷ್ಯನ ಬಾಳೂ ಹಾಗೆಯೇ. ಒಂದೇ ಇಡೀ ಬಟ್ಟೆಯಿಂದ ಹೊಲಿದವರು ನಮ್ಮಲ್ಲಿ ಯಾರೂ ಇಲ್ಲ.

ಈಗ ನಿಮ್ಮ ಮನೆಯ ಕೌದಿಗೆ ಮರಳೋಣ. ಅದನ್ನು ಹೊಲಿದವರು ಇನ್ನೂ ಇದ್ದರೆ, ಈ ರವಿವಾರ ಮಧ್ಯಾಹ್ನ ರೇಡಿಯೋವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಅವರ ಬಳಿ ಕುಳಿತು ಕೌದಿಯನ್ನು ಹರಡಿ. ಈ ತುಂಡು ಯಾರದು, ಆ ತುಂಡು ಯಾರ ಮದುವೆಯ ಸೀರೆ, ಎಂದು ಕೇಳಿ. ಮಕ್ಕಳ ನೋಟುಪುಸ್ತಕದಲ್ಲಿ ಬರೆಸಿಡಿ. ಬಟ್ಟೆ ಇನ್ನಷ್ಟು ವರ್ಷ ಬಾಳೀತು. ಹೇಳುವವರು ಹೋದರೆ ಕಥೆ ಅವರೊಡನೆ ಹೋಗುತ್ತದೆ.